ಬಾಳವ್ವ ಹಾಕಿದ ರಂಗೋಲಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಜೀವಮಾನವೆಲ್ಲ ಕನ್ನಡ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿದ ಕೈ ಇದು, ನಿವೃತ್ತಿ ಆಯಿತೆಂದು ಸುಮ್ಮನೆ ಕೂರುತ್ತದೆಯೇ? ಮೂಡಲಗಿಯ ನಮ್ಮ ಓಣಿಯಲ್ಲಿ ಇವತ್ತಿಗೂ ಅನ್ನಪೂರ್ಣಾ ಅಕ್ಕೋರ ಮನೆ ಎಂದರೆ ಹಾಲಿನವನು ನೀರು ಬೆರೆಸಲು ಹೆದರುತ್ತಾನೆ.

ಮಗ ಅಶೋಕ ಹುಕ್ಕೇರಿಯಲ್ಲಿದ್ದಾನೆ. ಕೆಟ್ಟವನಲ್ಲ. ನನಗೆಂದೇ ಗಾಳಿ ಬೆಳಕಿನ ಒಂದು ಖೋಲಿ ಕಟ್ಟಿಸಿಟ್ಟಿದ್ದಾನೆ. ಸೊಸೆ ನೇತ್ರಾಳೂ ಒಳ್ಳೆಯವಳು, ನನ್ನ ತಾಪತ್ರಯವೇ ಅದು. ನನ್ನ ಮನೆಯಲ್ಲಿ ನಾನು ಪಾತ್ರೆ ಕುಕ್ಕಿದರೆ ಅದು ಬರೀ ಪಾತ್ರೆಯ ಸದ್ದು. ಅವರ ಮನೆಯಲ್ಲಿ ಕುಕ್ಕಿದರೆ ಅತ್ತೆಯ ಸಿಟ್ಟು. ಅಷ್ಟು ಒಳ್ಳೆಯವರ ನಡುವೆ ದಿನಾ ಒಳ್ಳೆಯವಳಾಗಿ ಇರುವುದು ನನ್ನಿಂದಾಗದ ಕೆಲಸ. ಅದಕ್ಕೇ ನಾನು ಇಲ್ಲೇ, ನನ್ನ ಎರಡು ಖೋಲಿ, ಒಂದು ಅಡುಗೆಮನೆ, ಒಂದು ಹಿತ್ತಲಿನ ಜೊತೆ ಇದ್ದೇನೆ.

ಹೋದ ವರ್ಷ ನಮ್ಮ ಕಡೆ ಆರೋಗ್ಯದ ಒಂದು ಕಾರ್ಯಕ್ರಮ ಶುರುವಾಯಿತು. ವಯಸ್ಸಾದವರು ತಮ್ಮ ಮನೆಯಲ್ಲೇ, ತಮ್ಮ ಕಾಲ ಮೇಲೇ ಇರಬೇಕು ಎಂಬುದು ಅದರ ಉದ್ದೇಶ. ದೀಪಾ ಎಂಬ ಹುಡುಗಿ ಸ್ಕೂಟಿಯ ಮೇಲೆ ಮನೆಮನೆಗೆ ಬರುತ್ತಾಳೆ. ಬಿಪಿ ನೋಡುತ್ತಾಳೆ, ಗುಳಿಗೆ ತೆಗೆದುಕೊಂಡಿರಾ ಎಂದು ಕೇಳುತ್ತಾಳೆ, ಕುರ್ಚಿ ಹಿಡಿದು ಕೂತು ಎದ್ದು ಮಾಡಿಸುತ್ತಾಳೆ. ನನ್ನ ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸಿಕೊಟ್ಟವಳೂ ಅವಳೇ. ಅಷ್ಟು ಮಾತಾಡುವ ಹುಡುಗಿಯನ್ನು ನಾನು ಜನ್ಮದಲ್ಲಿ ನೋಡಿಲ್ಲ, ಆದರೆ ಕೆಲಸದಲ್ಲಿ ಚೊಕ್ಕ.

ಒಂದು ದಿನ ಮಠದ ಕಟ್ಟೆಯ ಮೇಲೆ ನಮ್ಮನ್ನೆಲ್ಲ ಕೂಡಿಸಿ ದೀಪಾ ಕೇಳಿದಳು, "ಒಬ್ಬೊಬ್ಬರ ಇರೋ ಮಂದಿ ದಿನಾ ಮುಂಜಾನೆ ಆರಾಮ ಎದ್ದಾರೋ ಇಲ್ಲೋ ಅಂತ ನಮಗ ಹೆಂಗ ಗೊತ್ತಾಗಬೇಕ್ರಿ?"

ಒಬ್ಬರು ಫೋನು ಎಂದರು, ಇನ್ನೊಬ್ಬರು ಗಂಟೆ ಎಂದರು. ನಾನು ಎದ್ದು ನಿಂತು ಹೇಳಿದೆ, "ಫೋನೂ ಬ್ಯಾಡ, ಗಂಟಿನೂ ಬ್ಯಾಡ. ಮುಂಜಾನೆ ಎದ್ದ ಹೆಣಮಗಳು ಅಂಗಳಕ್ಕ ನೀರಿನ ಥಳಿ ಹೊಡದ ರಂಗೋಲಿ ಹಾಕದs ಇರಂಗಿಲ್ಲ. ರಂಗೋಲಿ ಇತ್ತಂದ್ರ ಮುಂದ ಹೋಗು. ಇರ್ಲಿಲ್ಲಂದ್ರ ಬಾಗಲಾ ಬಡಿ."

"ನಮ್ಮಂಥಾ ಗಂಡಸರು ಏನ್ ಮಾಡ್ಬೇಕ್ರಿ ಅಕ್ಕೋರ?" ಎಂದ ಹಿಂದಿನ ಓಣಿಯ ವೀರಪ್ಪ.

"ನೀ ಕಟ್ಟಿ ಮ್ಯಾಲ ಒಂದ ತಂಬಗಿ ಇಡು," ಎಂದೆ. ಎಲ್ಲರೂ ನಕ್ಕರು, ಮಾತು ಗಟ್ಟಿಯಾಯಿತು.

ಅಶೋಕ ಈ ವ್ಯವಸ್ಥೆ ಕೇಳಿ ಸ್ವಲ್ಪ ಸಮಾಧಾನಪಟ್ಟ. ಆದರೆ ನನ್ನ ಮಗನಲ್ಲವೇ, ಒಂದು ಗಂಟು ಹಾಕಿಯೇ ಬಿಟ್ಟ. "ಆತು ತಗೋ ಅವ್ವಾ. ನಿನ್ನ ರಂಗೋಲಿ ನೀ ಹಾಕೋತನಕ ನೀ ಇಲ್ಲೆ ಇರು. ಕೈಲೆ ಆಗವಲ್ದು ಅಂದ ದಿನಾ ಹುಕ್ಕೇರಿಗಿ ಬರಬೇಕು. ಆವಾಗ ನೆವಾ ಹೇಳಬಾರ್ದು."

"ಹೇಳಂಗಿಲ್ಲೇಳು," ಎಂದೆ. ಎಂಥ ಜಂಬ ನನಗೆ!

ಈ ಚಳಿಗಾಲಕ್ಕೆ ಮೊಣಕಾಲು ಬಾತುಕೊಂಡಿತು. ನಿಂತರೆ ನಿಲ್ಲುತ್ತೇನೆ, ನಡೆದರೆ ನಡೆಯುತ್ತೇನೆ, ಕುಕ್ಕರುಗಾಲಲ್ಲಿ ಕೂತರೆ ಮಾತ್ರ ಶಿವನೇ ಬಂದು ಎಬ್ಬಿಸಬೇಕು. ಬಗ್ಗಿ ನಿಂತು ಎರಡು ದಿನ ಹೇಗೋ ಗೆರೆ ಎಳೆದೆ. ಮೂರನೆಯ ದಿನ ಬಾಗಿಲು ತೆರೆದು ನೋಡಿದರೆ ಅಂಗಳ ಒದ್ದೆಯಾಗಿದೆ, ರಂಗೋಲಿ ಬಿದ್ದಿದೆ. ಕಮಲ ಬಿಡಿಸಲು ಹೋಗಿ ಹೂಕೋಸು ಬಿಡಿಸಿದ ಹಾಗಿತ್ತು. ಬಾಜೂಮನೆಯ ಬಾಳವ್ವ ರಂಗೋಲಿ ಬಟ್ಟಲು ಹಿಡಿದು ನಗುತ್ತ ನಿಂತಿದ್ದಳು.

ಬಾಳವ್ವ ಹಾಲುಮತದವಳು. ಗಂಡುಮಕ್ಕಳು ಕುರಿ ಹೊಡೆದುಕೊಂಡು ಊರೂರು ತಿರುಗುತ್ತಾರೆ, ಇವಳು ನಾಲ್ಕು ಕೋಳಿ, ಒಂದು ಆಡು ಸಾಕಿಕೊಂಡು ಮನೆ ಕಾಯುತ್ತಾಳೆ. ನಾನು ಈ ಮನೆಗೆ ಬಂದಾಗಿನಿಂದ ನಮ್ಮಿಬ್ಬರದು ದಿನಕ್ಕೊಂದು ಜಗಳ. ಅವಳ ಕೋಳಿ ನನ್ನ ಹಿತ್ತಲಿಗೆ ಬಂತು, ನನ್ನ ನೀರು ಅವಳ ಅಂಗಳಕ್ಕೆ ಹೋಯಿತು, ಇಂಥವೇ.

"ಯಾರ್ ಹೇಳಿದ್ರು ನಿನಗ ಹಾಕಂತ?" ಎಂದೆ.

"ಯಾರೂ ಹೇಳಿಲ್ರಿ ಅಕ್ಕೋರ. ನಿಮ್ಮ ಮೊಣಕಾಲ ನನಗ ಕಾಣಂಗಿಲ್ಲೇನ್ರಿ? ನಿಮ್ಮನ್ನ ಹುಕ್ಕೇರಿಗಿ ಒಯ್ದ್ರ ನಾ ಯಾರ್ ಜೋಡಿ ಜಗಳಾ ಆಡ್ಲಿ?"

"ಇದ ಕಮಲ ಅಲ್ಲ, ಹೂಕೋಸು!"

"ಹಂಗಾರ ಪಲ್ಯಾ ಮಾಡ್ಕೊಂಡ ತಿನ್ರಿ," ಎಂದು ಹೋದಳು.

ನನಗೆ ಒಳಗೊಳಗೇ ಎಷ್ಟು ಹಿತವಾಯಿತೆಂದರೆ, ಬೈಯಲು ಇನ್ನೊಂದು ಮಾತು ಹುಡುಕಿದರೂ ಸಿಗಲಿಲ್ಲ. ಅಂದಿನಿಂದ ದಿನಾ ಅವಳೇ ಹಾಕತೊಡಗಿದಳು. ನಾನು ದೀಪಾಳಿಗೆ ಹೇಳಲಿಲ್ಲ, ಬಾಳವ್ವನೂ ಹೇಳಲಿಲ್ಲ. ದೀಪಾ ಮುಂಜಾನೆ ಸ್ಕೂಟಿ ನಿಧಾನ ಮಾಡಿ, ಅಂಗಳ ನೋಡಿ, ಮುಂದೆ ಹೋಗುತ್ತಿದ್ದಳು.

ಕಬ್ಬಿನ ಸುಗ್ಗಿ ಜೋರಾಗಿದ್ದ ಒಂದು ಬೆಳಿಗ್ಗೆ ನಾನು ಅಡುಗೆಮನೆಯ ಹಿಂದಿನ ಬಾಗಿಲು ತೆರೆದು, ಹಳೆಯ ನೀರು ಹಿತ್ತಲಿಗೆ ಚೆಲ್ಲಿ, ಕೊಡ ತಿರುಗಿ ಒಳಗಿಡುವಾಗ ಕಾಲು ಜಾರಿತು. ಬಲಗೈ ಮೈಯಡಿ ಸಿಕ್ಕಿ ಲಟಕ್ಕೆಂದಿತು. ಕಣ್ಣಿಗೆ ಕತ್ತಲೆ ಬಂತು. ಏಳೋಣವೆಂದರೆ ಮೊಣಕಾಲು ಮಡಚದು, ಕೈ ಊರಲು ಬಾರದು. ಮುಂಬಾಗಿಲಿನ ಆಚೆ ಬಾಳವ್ವ ನೀರು ಚಿಮುಕಿಸುವ ಸದ್ದು ಕೇಳುತ್ತಿತ್ತು.

"ಅಕ್ಕೋರ, ಹಾಕೇನ್ರಿ!" ಎಂದು ಕೂಗಿದಳು. "ನಾಗನೂರಿಗಿ ಮಗಳ ಹಂತೇಕ ಹೋಗಿ ಬರ್ತೇನ್ರಿ!"

"ಬಾಳವ್ವಾ!" ಎಂದು ನಾನು ಬಾಯಿ ತೆಗೆದೆ. ಅದೇ ಹೊತ್ತಿಗೆ ಎರಡು ಟ್ರಾಲಿ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ಓಣಿಯ ತುದಿಗೆ ಬರಬೇಕೇ? ಅದರ ಸ್ಪೀಕರಿನ ಹಾಡಿಗೆ ನನ್ನ ಮನೆಯ ಪಾತ್ರೆಗಳೇ ನಡುಗಿದವು, ನನ್ನ ದನಿ ಯಾವ ಲೆಕ್ಕ? ಹಾಡು ದೂರ ಹೋದಮೇಲೆ ಮತ್ತೆ ಕೂಗಿದೆ. ಅವಳು ಹೋಗಿಬಿಟ್ಟಿದ್ದಳು.

ಸ್ವಲ್ಪ ಹೊತ್ತಿಗೆ ಸ್ಕೂಟಿ ಬಂತು. ಅದರ ಗಡಗಡ ನನಗೆ ಗೊತ್ತು. ನಿಧಾನವಾಯಿತು. ಬಂದಳು, ಬಂದೇಬಿಟ್ಟಳು ಎಂದುಕೊಂಡೆ. ನಾನು ಕೂಗುವಷ್ಟರಲ್ಲಿ ಸ್ಕೂಟಿ ಮುಂದೆ ಹೋಯಿತು. ನಾನು ಹೇಳಿಕೊಟ್ಟ ಉಪಾಯ ಚಾಚೂ ತಪ್ಪದೆ ನಡೆದಿತ್ತು. ಅಕ್ಕೋರು ಆರಾಮ ಇದ್ದಾರೆ ಎಂದು ಅಂಗಳ ಊರಿಗೆಲ್ಲ ಹೇಳುತ್ತಿತ್ತು, ಅಕ್ಕೋರು ನೆಲದ ಮೇಲೆ ಬಿದ್ದು ಒದ್ದಾಡುತ್ತಿದ್ದರು.

ಹೊರಗಿನ ಖೋಲಿಯಲ್ಲಿ ಫೋನು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಬಾಯಿ ಒಣಗಿ ಹೋಯಿತು. ತುಂಬಿದ ಇನ್ನೊಂದು ಕೊಡ ಕಣ್ಣೆದುರಿಗೇ ಇತ್ತು, ಕೈಗೆ ಎಟುಕುತ್ತಿರಲಿಲ್ಲ. ಹೀಗೇ ಸತ್ತುಹೋಗುತ್ತೇನೆ ಎಂದು ನನಗೆ ನಿಜವಾಗಿ ಭಯವಾಯಿತು. ಅತ್ತೆ ಕೂಡ. ಯಾರೂ ಇರಲಿಲ್ಲವಲ್ಲ, ನಾಚಿಕೆ ಏನು?

ಬಿಸಿಲು ಇಳಿಯುವ ಹೊತ್ತಿಗೆ ಹಿತ್ತಲಲ್ಲಿ ಬಳೆ ಸದ್ದಾಯಿತು. ಬಾಳವ್ವ ನಾಗನೂರಿಂದ ಹಸಿ ಕಡಲೆ ಗಿಡದ ಒಂದು ಕಟ್ಟು ತಂದಿದ್ದಳು. ಏನಾದರೂ ಕೊಡುವುದಿದ್ದರೆ ಅವಳು ಹಿಂದಿನ ಬಾಗಿಲಲ್ಲಿ ನಿಂತು ಕೊಟ್ಟು ಹೋಗುವುದು ರೂಢಿ. ಹಿತ್ತಲಿಂದಲೇ ನನ್ನನ್ನು ನೋಡಿದಳು. ಕೈಯಲ್ಲಿದ್ದ ಕಟ್ಟು ಕೆಳಗೆ ಬಿತ್ತು.

"ಅಯ್ಯ ನಮ್ಮವ್ವ! ಅಕ್ಕೋರ!"

ಹೊಸ್ತಿಲ ತನಕ ಓಡಿ ಬಂದವಳು ಅಲ್ಲೇ ಗಕ್ಕನೆ ನಿಂತಳು. ಒಂದು ಕಾಲು ಎತ್ತಿದಳು, ಇಳಿಸಿದಳು. ಆಮೇಲೆ ಕೇಳಿದಳು, "ಅಕ್ಕೋರ, ಒಳಗ ಬರ್ಲೇನ್ರಿ?"

ನಾನು ಬೆಳಗಿನಿಂದ ನೆಲದ ಮೇಲೆ ಬಿದ್ದಿದ್ದೇನೆ, ಇವಳು ಅಪ್ಪಣೆ ಕೇಳುತ್ತಾಳೆ! "ಸಾಯಾಕತ್ತೇನಿ, ಬಾ ಒಳಗ!" ಎಂದು ಚೀರಿದೆ. ಬಂದಳು. ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು, ಕೊಡದಿಂದ ನೀರು ತುಂಬಿ ಕುಡಿಸಿ, ಓಣಿಯ ಮಂದಿಯನ್ನೆಲ್ಲ ಕೂಗಿ ಕರೆದಳು.

ಗೋಕಾಕದ ದವಾಖಾನೆಯಲ್ಲಿ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದರು. ಸೊಂಟ ಉಳಿದಿತ್ತು, ಪುಣ್ಯ. ರಾತ್ರಿ ಅಲ್ಲಿಯೇ ಇಟ್ಟುಕೊಂಡು ಮರುದಿನ ಕಳಿಸಿದರು. ಮನೆಗೆ ಬಂದರೆ ನೇತ್ರಾ ಆಗಲೇ ನನ್ನ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು, ಅಶೋಕ ಆ ಚೀಲ ಒಯ್ದು ಗಾಡಿಯಲ್ಲಿಟ್ಟ.

ದೀಪಾ ಬಂದಳು. ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. "ರಂಗೋಲಿ ಇತ್ತಲ್ರಿ ಅಕ್ಕೋರ, ನಾ ನೋಡೇನಿ," ಎಂದಳು. "ಹಾಕಿ ಒಳಗ ಬಂದ ಮ್ಯಾಲ ಬಿದ್ದ್ರೇನ್ರಿ?"

ಹೌದು ಎಂದುಬಿಟ್ಟರೆ ಸಾಕಿತ್ತು. ಜಾರಿ ಬೀಳುವುದು ಯಾರಿಗಾದರೂ ಆಗುತ್ತದೆ, ಅಶೋಕನ ಕರಾರಿಗೂ ಅದಕ್ಕೂ ಸಂಬಂಧವಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಬಾಳವ್ವ ಎದ್ದು ನಿಂತಳು.

"ಅಕ್ಕೋರು ಹಾಕಿಲ್ರಿ. ನಾ ಹಾಕೇನಿ. ದಿನಾ ನಾನs ಹಾಕತೇನಿ. ಅವರ ಕಾಲ ಬಗ್ಗಂಗಿಲ್ರಿ."

"ಏನ್ ಮಾಡಿದ್ರಿ ಕಾಕೂ ನೀವು?" ಅಶೋಕನ ದನಿ ಒಡೆಯಿತು. "ನಮ್ಮವ್ವನ್ನ ಕೊಲ್ಲತಿದ್ರಲ್ಲ!"

"ಹೌದ್ರಿ ಯಪ್ಪಾ, ಖರೆ ಐತಿ," ಎಂದು ಬಾಳವ್ವ ಹಣೆ ಬಡಿದುಕೊಂಡಳು. "ನಿಮ್ಮವ್ವ ಇಲ್ಲೆ ಇರ್ಲಿ ಅಂತ ಮಾಡ್ದೆ. ಈಗ ಬ್ಯಾಡ್ರಿ. ಒಯ್ರಿ ಆಕಿನ್ನ. ನನಗ ಕಣ್ಣ ಮುಚ್ಚಿದ್ರ ಆಕಿ ಬಿದ್ದದ್ದs ಕಾಣತೈತಿ."

ಬಿದ್ದಾಗ ಇಷ್ಟು ನೋವಾಗಿರಲಿಲ್ಲ. ಎಲ್ಲರೂ ಹೋಗು ಎನ್ನಲಿ, ಇವಳೂ ಅನ್ನುವುದೇ? "ನೀ ಸುಮ್ಕಿರು!" ಎಂದು ಗದರಿದೆ. ಆಮೇಲೆ ಮಗನ ಕಡೆ ತಿರುಗಿದೆ. "ಹಿಂದಿನ ಬಾಗಲಾ ದಿನಪೂರ್ತಿ ತೆರದs ಇತ್ತು, ಗೊತ್ತೈತೇನ ನಿನಗ? ಯಾರೂ ಒಳಗ ಬರ್ಲಿಲ್ಲ. ಈಕಿ ನಾ ಬಿದ್ದದ್ದ ಕಂಡೂ ಹೊಸ್ತಲದಾಗ ನಿಂತ ಬರ್ಲೇನ್ರಿ ಅಂತ ಕೇಳಿದ್ಲು. ಇಷ್ಟ ವರ್ಷ ಈಕಿ ನನ್ನ ಅಡಗಿಮನ್ಯಾಗ ಕಾಲ ಇಟ್ಟಿಲ್ಲ. ನಾ ಬ್ಯಾಡ ಅಂದಿಲ್ಲ. ಬಾ ಅಂತನೂ ಅಂದಿಲ್ಲ."

ಹೇಳುತ್ತಿದ್ದಂತೆ ನನ್ನ ಮಾತು ನನಗೇ ಕೇಳಿಸಿತು. ಜಾತಿಯಿಲ್ಲ, ಮೇಲಿಲ್ಲ, ಕೀಳಿಲ್ಲ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಬಾಯಿ ಇದು.

ದೀಪಾ ಮೂಗು ಒರೆಸಿಕೊಂಡಳು. "ಅಂಗಳ ನೋಡಿದ್ರ ಸಾಲಂಗಿಲ್ರಿ," ಎಂದಳು. "ದಿನಾ ಮುಂಜಾನೆ ಯಾರರೆ ಒಳಗ ಬಂದ ಮಾರಿ ನೋಡಬೇಕು. ಅಷ್ಟ ಆದ್ರ, ಮೊಣಕಾಲದ್ದ ಕೈದ್ದ ನಾ ನೋಡ್ಕೋತೇನಿ. ಅಕ್ಕೋರು ಇಲ್ಲೆ ಇರಬಹುದ್ರಿ."

"ಯಾರ್ ಬರ್ತಾರ?" ಎಂದ ಅಶೋಕ. "ಇವತ್ತ ಎಲ್ಲಾರೂ ಬರ್ತೇವಿ ಅಂತೀರಿ. ನಾಳೆ ಮುಂಜಾನೆ ನಾ ಇಲ್ಲೆ ಕುಂತ ನೋಡ್ತೇನಿ. ಯಾರೂ ಒಳಗ ಬರ್ಲಿಲ್ಲಂದ್ರ ಅವ್ವಾ, ನೀ ಗಾಡಿ ಹತ್ತಬೇಕು." ಚೀಲವನ್ನು ಗಾಡಿಯಿಂದ ಇಳಿಸಲಿಲ್ಲ.

ಬಾಳವ್ವ ಕಟ್ಟೆ ಇಳಿದು ತನ್ನ ಮನೆಗೆ ಹೋದಳು.

ಬೆಳಗಾಗುತ್ತಲೇ ನಾನು ಅಡುಗೆಮನೆಗೆ ಬಂದು ಕುರ್ಚಿಯ ಮೇಲೆ ಕೂತೆ. ಹಿಂದಿನ ಬಾಗಿಲನ್ನು ಪೂರ್ತಿ ತೆರೆದಿಟ್ಟೆ. ಹೊರಗಿನ ಖೋಲಿಯಲ್ಲಿ ಅಶೋಕ ಕೆಮ್ಮುವುದು ಕೇಳುತ್ತಿತ್ತು. ಚಹಾ ಇಡೋಣವೆಂದರೆ ಎಡಗೈಯಲ್ಲಿ ಪಾತೇಲಿ ಎತ್ತಲಾಗಲಿಲ್ಲ. ನೇತ್ರಾ ಎದ್ದು ಬಂದಳು. "ನಾ ಮಾಡ್ತೇನ್ರಿ ಅತ್ತಿ," ಎಂದಳು. ಬೇಡ ಎಂದೆ.

ಬಾಳವ್ವ ಬಂದಳು. ಹೊಸ್ತಿಲಾಚೆ ನಿಂತಳು.

"ಬಾ," ಎಂದೆ.

"ಇಲ್ಲಿಂದನs ನೋಡ್ತೇನ್ರಿ ಅಕ್ಕೋರ. ನಾವ ಕೋಳಿ ಕುರಿ ತಿನ್ನೋ ಮಂದಿ. ನಿಮ್ಮ ಲಿಂಗಪೂಜಿ ಆಗಿರಂಗಿಲ್ಲ. ಮೊನ್ನಿ ಆಪತ್ತಿನ್ಯಾಗ ಬಂದೆ, ಅದರ ಮಾತ ಬ್ಯಾರೆ." ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಕಾಲ ಏಳವಲ್ದ್ರಿ."

ಬೈಯಬೇಕೆಂದು ಬಾಯಿ ತೆರೆದೆ. ಬೈಗುಳ ಬರಲಿಲ್ಲ. ಇಷ್ಟು ವರ್ಷದ ಸಿಟ್ಟು ಎಲ್ಲಿ ಹೋಯಿತೋ, ನನಗೆ ಬೇಡುವುದೊಂದೇ ಉಳಿದಿತ್ತು.

"ಬಾಳವ್ವ, ನೀ ಬರ್ಲಿಲ್ಲಂದ್ರ ನಾ ಹೋಗಬೇಕಾಗತೈತಿ. ನನಗ ಹೋಗೋ ಮನಸ್ಸಿಲ್ಲವಾ. ನಿನಗ ಕೈ ಮುಗಿತೇನಿ." ಒಂದು ಕೈ ಪ್ಲಾಸ್ಟರಿನಲ್ಲಿತ್ತು. ಇನ್ನೊಂದನ್ನೇ ಎತ್ತಿದೆ.

"ಅಯ್ಯ, ಕೈ ಮುಗಿಬ್ಯಾಡ್ರಿ, ಅಕ್ಕೋರಾಗಿ ನನಗ್ಯಾಕ ಕೈ ಮುಗಿತೀರಿ!" ಎಂದು ಗಾಬರಿಯಾಗಿ ನನ್ನ ಕೈ ಇಳಿಸಲು ಓಡಿ ಬಂದಳು. ಕೈ ಹಿಡಿದಮೇಲೆಯೇ ತಾನು ಒಳಗೆ ನಿಂತಿದ್ದೇನೆ ಎಂದು ಅವಳಿಗೆ ತಿಳಿದದ್ದು. ಸುತ್ತಲೂ ನೋಡಿದಳು. ಕಣ್ಣು ಒರೆಸಿಕೊಂಡು, ಪಾತೇಲಿಗೆ ನೀರು ಹಾಕಿ, ಒಲೆಯ ಮೇಲಿಟ್ಟಳು. ಆಮೇಲೆ ಹಲಗೆಗಳ ಮುಂದೆ ದಿಕ್ಕು ತೋಚದೆ ನಿಂತಳು.

"ಸಕ್ರಿ ಡಬ್ಬಿ ಎಲ್ಲೈತ್ರಿ ಅಕ್ಕೋರ?"

ಗೋಡೆಗೆ ಗೋಡೆ ಹತ್ತಿದ ಮನೆ. ನಾನು ಕೆಮ್ಮಿದರೆ ಕೆಮ್ಮು ಯಾವಾಗ ಶುರುವಾಯಿತು ಎಂದು ಹೇಳುವವಳು. ನನ್ನ ಸಕ್ಕರೆ ಎಲ್ಲಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಎರಡನೇ ಹಲಗಿ ಮ್ಯಾಲ ಐತಿ, ಹಿಂದ," ಎನ್ನುವಷ್ಟರಲ್ಲಿ ನನಗೆ ಅಳು ಒತ್ತರಿಸಿ ಬಂತು. ಅವಳು ಹುಡುಕಿದಳು, ಡಬ್ಬಿ ತೆಗೆದಳು, ಬೇಕಾದದ್ದಕ್ಕಿಂತ ಜಾಸ್ತಿ ಹಾಕಿದಳು.

ಅಶೋಕ ನಡುಬಾಗಿಲಿಗೆ ಬಂದು ನಿಂತಿದ್ದ. ನಮ್ಮಿಬ್ಬರನ್ನೂ ನೋಡಿದ. "ಕಾಕೂ, ನನಗೂ ಅರ್ಧಾ ಕಪ್ಪ ಹಾಕ್ರಿ," ಎಂದು ಹೇಳಿ, ಗಾಡಿಯಲ್ಲಿದ್ದ ನನ್ನ ಸೀರೆಯ ಚೀಲ ತರಲು ಹೊರಗೆ ಹೋದ.