ಕೆರೆ ಒಡ್ಡಿನ ಮೇಲೆ ಹಕ್ಕಿನ ಭಾಷಣ

ಪಟ್ಟಣದಿಂದ ಬಂದ ಪ್ರಾಧ್ಯಾಪಕರ ಭಾಷಣ ಎಷ್ಟು ಉದ್ದ ಇತ್ತೆಂದರೆ, ಶುರುವಾದಾಗ ಬಿತ್ತಿದ ಜೋಳ ನಡುವೆಯೇ ತೆನೆ ಬಿಟ್ಟು ಒಕ್ಕಣೆಗೂ ಬಂದಿತ್ತು. ಸುಳ್ಳೆನ್ನುವವರು ಕುಂದಗೋಳದ ಕಡೆ ಬಂದು ಕೇಳಲಿ. ಎಂಬತ್ತೈದನೇ ಇಸವಿ, ಕೆರೆ ಒಡ್ಡಿನ ಬೇವಿನ ನೆರಳಲ್ಲಿ ಮನುಷ್ಯನ ಹಕ್ಕುಗಳು ಬೆಳೆದು ಬಂದ ಕಥೆ ನಡೆದಿತ್ತು.

ಇಡೀ ಊರು ಅಲ್ಲೇ ಕೂತಿದ್ದೇ ಹರಿಜನಕೇರಿಯ ತಾಯವ್ವನಿಗೆ ಕಂಟಕವಾಯಿತು. ಆ ಕೇರಿಯವರು ಕೆರೆಯ ಮೆಟ್ಟಿಲು ತುಳಿಯುವಂತಿರಲಿಲ್ಲ. ಮೇಲೆ ಕೊಡ ಇಟ್ಟು ಕಾಯಬೇಕು. ಊರವರು ಮನಸ್ಸು ಬಂದಾಗ ಎತ್ತರದಿಂದ ಸುರಿಯಬೇಕು. ಸುರಿಯುವ ಕೈಗಳೆಲ್ಲ ಇವತ್ತು ಚಪ್ಪಾಳೆ ತಟ್ಟುತ್ತಿದ್ದವು. ತಾಯವ್ವನ ಮನೆಯಲ್ಲಿ ಸೊಸೆ ಸಣ್ಣವ್ವ ಬೆಳಗ್ಗೆಯಷ್ಟೇ ಹೆತ್ತಿದ್ದಳು. ಕೂಸಿನ ಮೈ ತೊಳೆಯಲು ಹನಿ ನೀರಿರಲಿಲ್ಲ.

“ಯಪ್ಪಾ, ಒಂದ ಕೊಡ ಹಾಕ್ರಿ. ಮನ್ಯಾಗ ಬಾಣಂತಿ ಅದಾಳ್ರಿ.”

“ಸುಮ್ನ ಕುಂದ್ರಬೇ!” ಪಂಚಾಯ್ತಿ ಚೇರಮನ್ ಭರಮಪ್ಪ ಗದರಿದ. “ಸಾಹೇಬ್ರು ನಿಮ್ಮ ಸಲುವಾಗೇ ಗಂಟ್ಲಾ ಹರ್ಕೊಳ್ಳಾಕತ್ತಾರ!”

ಸಾಹೇಬರು ಭಾಷಣದಲ್ಲಿ ಆಗ ಇಂಗ್ಲೆಂಡಿನಲ್ಲಿದ್ದರು. ಅಲ್ಲಿಯ ರಾಜನ ಕುತ್ತಿಗೆ ಹಿಡಿದು ಸಹಿ ಹಾಕಿಸಿ, ಅಮೆರಿಕಕ್ಕೆ ಹಾರಿ, ಫ್ರಾನ್ಸಿನಲ್ಲಿ ಕುಂಬಳಕಾಯಿಯಂತೆ ರಾಜನ ತಲೆ ಉರುಳಿಸತೊಡಗಿದರು.

“ನಮ್ಮ ಕೆರಿಗೆ ಯಾವಾಗ ಬರ್ತೀರ್ರಿ?” ತಾಯವ್ವ ಕೇಳಿದಳು.

ಜನ ನಕ್ಕ ರಭಸಕ್ಕೆ ಬೇವಿನ ಕಾಗೆಗಳು ಅಣ್ಣಿಗೇರಿ ದಾಟಿದವು.

“ತಾಯೀ, ಇತಿಹಾಸ ನಿಧಾನಕ್ಕ ನಡೀತದ” ಎಂದ ಸಾಹೇಬರು ತಾಂಬೂಲದ ಬಾಯಿ ತೊಳೆಯಲು ಮೆಟ್ಟಿಲಿಳಿದರು. ಮುಕ್ಕಳಿಸಿ, ಕ್ಯಾಕರಿಸಿ, ಊರು ಕುಡಿಯುವ ನೀರಿಗೇ ಪಿಚಕ್ಕನೆ ಉಗಿದರು. ಕೆಂಪು ಲೋಳೆ ಎಳೆಎಳೆಯಾಗಿ ತೇಲಿತು. ಬಾಯಿ ಒರೆಸಿಕೊಳ್ಳಲು ಭರಮಪ್ಪ ಓಡಿಹೋಗಿ ತನ್ನ ಹೆಗಲ ಮೇಲಿನ ವಲ್ಲಿ ಕೊಟ್ಟ.

ತಾಯವ್ವ ಕೊಡ ಟೊಂಕಕ್ಕಿಟ್ಟು ಮೆಟ್ಟಿಲ ಮೇಲೆ ಕಾಲಿಟ್ಟಳು.

“ಲೇ ತಾಯವ್ವಾ, ನಿಂದ್ರ! ನೀರ ಮೈಲಿಗಿ ಆಕ್ಕಾವು!” ಭರಮಪ್ಪ ಕೂಗಿದ.

“ಆಗಾಕ ಇನ್ನೇನ ಉಳದೈತ್ರಿ? ನೋಡ್ರಲ್ಲೆ, ತೇಲಾಕತ್ತೈತಿ.”

ಸಾಹೇಬರು ಅವಳು ಸೋಕದಂತೆ ಧೋತರ ಎತ್ತಿಕೊಂಡು ಮೆಟ್ಟಿಲ ಪಕ್ಕದ ಗೋಡೆಗೆ ಅಂಟಿದರು. ಹಲ್ಲಿಯೂ ಅಷ್ಟು ಚಂದ ಅಂಟದು.

ತಾಯವ್ವ ಬಾಗಿದಳು. ಆ ಲೋಳೆ ತೇಲುತ್ತ ಕೊಡದ ಬಾಯಿಗೇ ಬಂತು.

“ಥೂ! ಇದನ್ನ ಕೂಸಿಗೆ ಹಾಕ್ಲ್ಯಾ?”

ಸೀರೆ ಎತ್ತಿ ಕಟ್ಟಿ ನೀರಿಗೇ ಇಳಿದಳು. ಮೊಣಕಾಲು ಮುಳುಗಿತು, ಟೊಂಕ ಮುಳುಗಿತು. ಒಡ್ಡಿನ ಮೇಲೆ ಊರು ಬಾಯಿ ಬಡಿದುಕೊಳ್ಳುತ್ತಿತ್ತು. ತಿಳಿನೀರು ಸಿಗುವವರೆಗೂ ನಡೆದಳು. ಅಲ್ಲಿ ನಿಂತು ಮೊದಲು ಒಂದು ಬೊಗಸೆ ತಾನು ಕುಡಿದಳು. ಆಮೇಲೆ ಕೊಡ ತುಂಬಿದಳು.