ಹಿಂದಿನ ಗೆರೆ

"ಓರೆ ಮಾಡಿ, ಓರೆ ಮಾಡಿ! ಬಾಗಿಲಿಗೆ ತಾಗುತ್ತೆ!" ಎಂದಳು ಊರಿಗೆಲ್ಲ ಕಾಗದ ಹಂಚುವ ಅಂಚೆಯಮ್ಮ. ನಾಲ್ವರು ಹಳೆಯ ವಿದ್ಯಾರ್ಥಿಗಳು ಡ್ರಿಲ್ ಮೇಷ್ಟ್ರ ಶವಪೆಟ್ಟಿಗೆಯನ್ನು ವಾಲಿಸಿ ಹೊಸ್ತಿಲು ದಾಟಿಸಿದರು. ಎಂಬತ್ತೆರಡರ ಮೇಷ್ಟ್ರು ಊಟ ಮಾಡಿ ಮಲಗಿದವರು ಏಳಲಿಲ್ಲ. ಇಂಥ ಸಾವು ಕೇಳಿದರೂ ಸಿಗುವುದಿಲ್ಲ ಎಂದು ಬಂದವರೆಲ್ಲ ಹೇಳಿದ್ದರು. ಮಗಳಿಗೂ ಅದೇ ಸಮಾಧಾನ. ಒಂದು ಮುಳ್ಳು ಮಾತ್ರ ನಲವತ್ತು ವರ್ಷದಿಂದ ಒಳಗೇ ಉಳಿದಿತ್ತು.

*

ಬೇರೆ ಶಾಲೆಗಳಲ್ಲಿ ಸೀಟಿ ಊದಿದರೆ ಎಲ್ಲರೂ ಒಂದೇ ಗೆರೆಯಿಂದ ಓಡುತ್ತಿದ್ದರು. ಗೆಲ್ಲುವವರೇ ಗೆಲ್ಲುತ್ತಿದ್ದರು, ಉಳಿದವರಿಗೆ ಆಟದ ಪೀರಿಯಡ್ ಬಂತೆಂದರೆ ಹೊಟ್ಟೆನೋವು. ಮೇಷ್ಟ್ರು ಸುಣ್ಣದಲ್ಲಿ ಹತ್ತು ಗೆರೆ ಎಳೆಯುತ್ತಿದ್ದರು. ನಿಧಾನದವರು ಮುಂದೆ, ಚುರುಕಿನವರು ಹಿಂದೆ. ಕಟ್ಟಕಡೆಯ ಗೆರೆಯಲ್ಲಿ ಮಗಳೊಬ್ಬಳೇ. ಇಡೀ ಶಾಲೆಗೇ ಜೋರಾಗಿ ಓಡುವವಳು ಒಂದು ದಿನವೂ ಮೊದಲು ಬರಲಿಲ್ಲ.

"ಒಂದೇ ಒಂದ್ಸಲ ಎಲ್ರನ್ನೂ ಒಂದೇ ಗೆರೇಲಿ ನಿಲ್ಸಪ್ಪ," ಎಂದು ಅಂಗಲಾಚಿದ್ದಳು.

"ನಿನ್ನ ಜಾಗ ಅದೇ ಮಗಳೇ," ಎಂದಿದ್ದರು, ಅಷ್ಟೇ. ಅಪ್ಪನಿಗೆ ಕಂಡವರ ಮಕ್ಕಳ ಮೇಲಿರುವ ಅಕ್ಕರೆ ತನ್ನ ಮೇಲಿಲ್ಲ ಎಂದುಕೊಂಡು ಅವಳು ಅವತ್ತು ಊಟ ಬಿಟ್ಟಿದ್ದಳು.

*

ಶವದ ಗಾಡಿ ಹೊರಟಿತು. ಸ್ಮಶಾನ ಏರಿನ ಮೇಲಿತ್ತು. ಜನರೆಲ್ಲ ಗಾಡಿಯ ಜೊತೆ ಹೆಜ್ಜೆ ಹಾಕಿದರು. ಮಗಳು ಮನೆಗೆ ಬೀಗ ಹಾಕಿ ಬರುವವರೆಗೆ ಅಂಚೆಯಮ್ಮ ಕಾದಳು.

"ಅಕ್ಕ, ಮೊದಲನೇ ಗೆರೇಲಿ ಡುಮ್ಮಿ ಒಬ್ಳು ನಿಲ್ತಿದ್ಲಲ್ಲ, ಅವಳೇ ನಾನು."

"ಗೊತ್ತು ಬಿಡೇ. ಯಾವಾಗ್ಲೂ ನೀನು ಗೆಲ್ತಿದ್ದೆ, ನಾನು ಸೋಲ್ತಿದ್ದೆ."

"ಗೆದ್ದಿದ್ದೆಲ್ಲಿ ಬಂತು! ಹಿಂದೆ ನಿಮ್ಮ ಕಾಲಿನ ಸದ್ದು ಕೇಳಿದ್ರೆ ಜೀವ ಬಾಯಿಗೆ ಬರೋದು, ಕಾಲು ತಾನಾಗೇ ಓಡೋದು. ಒಂದಿನ ನೀವು ಜ್ವರ ಅಂತ ಬರ್ಲಿಲ್ಲ. ನಾವೆಲ್ಲ ಸಂತೆಗೆ ಹೋಗೋರ ಹಾಗೆ ನಡ್ಕೊಂಡು ಹೋದ್ವಿ. ಮೇಷ್ಟ್ರು ಸೀಟಿ ಜೇಬಿಗೆ ಹಾಕ್ಕೊಂಡು, 'ನನ್ನ ಮಗಳಿಲ್ದೆ ನನ್ನ ಪಾಠ ನಡೆಯಲ್ಲ, ಮನೆಗೆ ಹೋಗಿ' ಅಂದ್ಬಿಟ್ರು."

ಜೊತೆಗೆ ನಡೆಯುತ್ತಿದ್ದ ಮಗಳು ನಿಂತೇಬಿಟ್ಟಳು. "ಅಪ್ಪ ನಂಗೆ ಒಂದ್ಸಲಾನೂ ಹೇಳ್ಲಿಲ್ವಲ್ಲೇ."

"ಹೇಳಿದ್ರೆ ನೀವು ನಮ್ಮನ್ನ ನೋಡಿ ಪಾಪ ಅಂತ ನಿಧಾನ ಮಾಡ್ತಿದ್ರಿ."

ಮಗಳಿಗೆ ಅಳು ಬಂತು, ದುಃಖಕ್ಕಿಂತ ಹೆಚ್ಚಾಗಿ ಸಂತೋಷಕ್ಕೆ. ಜನ ಆಗಲೇ ಅರ್ಧ ಏರು ಹತ್ತಿದ್ದರು, ಹಿಂದೆ ಉಳಿದವರು ಇವರಿಬ್ಬರೇ.

"ನೀನು ಮುಂದೆ ನಡಿ," ಎಂದಳು.

ಅಂಚೆಯಮ್ಮ ಇಪ್ಪತ್ತು ಹೆಜ್ಜೆ ಹೋಗುವವರೆಗೆ ಮಗಳು ಕಾದಳು. ಆಮೇಲೆ ಐವತ್ತೆರಡರ ಆ ಹೆಂಗಸು ಚಪ್ಪಲಿ ಕಳಚಿ ಕೈಗೆತ್ತಿಕೊಂಡು ಓಡತೊಡಗಿದಳು. ಸದ್ದು ಕೇಳಿದ ಡುಮ್ಮಿ ತಿರುಗಿಯೂ ನೋಡದೆ, ಕಿರುಚಿಕೊಂಡು ಓಟ ಕಿತ್ತಳು.