ಮರಕ್ಕೆ ಹೇಳುವ ಮಾತು

ಜಾವಗಲ್ಲಿನ ರಾಜಶೇಖರ್ ಹೊಸ ಕಾರು ಕೊಂಡ. ಕಾರಿಗೆ ಶೆಡ್ ಬೇಕು, ಶೆಡ್ಡಿಗೆ ಜಾಗ ಬೇಕು, ಮನೆ ಮುಂದೆ ಇದ್ದ ಜಾಗದ ನಟ್ಟನಡುವೆ ಹಳೇ ತೆಂಗಿನ ಮರ!

ರಾಜಶೇಖರ್ ಅರಸೀಕೆರೆಯ ಒಂದು ವಿಮಾ ಕಚೇರಿಯಲ್ಲಿ ಅಧಿಕಾರಿ. ವಿಷಯ ತುಸು ಘನವಾಗಿದ್ದರೆ ಸಾಕು, ಅವನ ಬಾಯಲ್ಲಿ ಇಂಗ್ಲಿಷೇ ಬರುವುದು. ಬೇಲೂರಿನ ಇಂಜಿನಿಯರ್ ನಂದಕಿಶೋರ್‌ಗೆ ಫೋನು ಮಾಡಿ, “ಒನ್ ಟ್ರೀ ಟು ಬಿ ರಿಮೂವ್ಡ್” ಎಂದ. “ನೋ ಪ್ರಾಬ್ಲಮ್” ಎಂದರು ಅವರು. ಮಾತು ಮುಗಿಯಿತು. ಇಷ್ಟು ಸಲೀಸಾಗಿ ತೀರ್ಮಾನ ಮಾಡಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೆಮ್ಮೆಯಾಯಿತು.

ಭಾನುವಾರ ಮರ ಕಡಿಯುವ ಮರುಳಪ್ಪ ಕೊಡಲಿ, ಹಗ್ಗ ತಂದ. ತಂದವನು ಜಗಲಿಯ ಮೇಲೆ ಆರಾಮಾಗಿ ಕೂತುಬಿಟ್ಟ.

“ಮೊದ್ಲು ನೀವು ಮರುಕ್ಕೆ ಹೇಳಿ ಸ್ವಾಮಿ. ಆಮ್ಯಾಕೆ ನಂದು.”

ಫಲ ಕೊಡುವ ಮರವನ್ನು ಕಡಿಸುವ ಮುಂಚೆ ಯಜಮಾನ ಅದರ ಬುಡ ಮುಟ್ಟಿ, ಬಾಯಿಬಿಟ್ಟು ಹೇಳಬೇಕು. ಆ ಮನೆಯಲ್ಲಿ ನಡೆದುಬಂದದ್ದು ಹಾಗೆ. ತಾಯಿ ಶಿವಗಂಗಮ್ಮನೂ ಹೊರಗೆ ಬಂದರು.

“ನಂದೇನೂ ತಕರಾರಿಲ್ಲ ಕಣಪ್ಪ. ಹೇಳಿ ಕಡಿಸ್ಕೋ.”

ಇದೇನು ಮಹಾ ಎಂದುಕೊಂಡು ರಾಜಶೇಖರ್ ಬುಡದ ಮೇಲೆ ಕೈಯಿಟ್ಟ. “ಸಾರಿ, ವಿ ಹ್ಯಾವ್ ಟು ರಿಮೂವ್ ಯೂ.” ಸರಾಗವಾಗಿ ಬಂತು.

ಶಿವಗಂಗಮ್ಮ ಸೊಂಟದ ಮೇಲೆ ಕೈಯಿಟ್ಟರು. “ನಿಮ್ಮಪ್ಪ ಇದನ್ನ ಇಂಗ್ಲಿಷ್‌ನಾಗೆ ನೆಟ್ಟಿದ್ರೇನೋ? ಅದುಕ್ಕೆ ತಿಳಿಯೋ ಹಂಗೆ ಹೇಳು.”

ಮರುಳಪ್ಪ ಕಿಸಕ್ಕನೆ ನಕ್ಕ.

“ತಾಯೀ...” ಎಂದು ರಾಜಶೇಖರ್ ಮರಕ್ಕೆ ಹೇಳತೊಡಗಿದ. ಉಳಿದಿದ್ದು ‘ನಿನ್ನ ಕಡಿಸ್ತೀನಿ’ ಎಂಬ ಎರಡೇ ಮಾತು. ಅವನ್ನು ಆಡುವ ಬದಲು ಬುಡವನ್ನು ಸವರುತ್ತ ನಿಂತ. ಜ್ವರ ಬಂದಾಗಲೆಲ್ಲ ಅಪ್ಪ ಕುಡಿಸುತ್ತಿದ್ದುದು ಇದರ ಎಳನೀರು. ಪರೀಕ್ಷೆಯಲ್ಲಿ ಫೇಲಾದ ದಿನ ಮನೆಯೊಳಗೆ ಹೋಗಲು ಹೆದರಿ ಇದಕ್ಕೇ ಒರಗಿ ಕೂತಿದ್ದ. ಫೋನಿನಲ್ಲಿ ತೆಗೆಸಿಹಾಕಿದ್ದು ಯಾವುದೋ ಒಂದು ಟ್ರೀ. ಕೈಗೆ ತಾಗುತ್ತಿದ್ದುದು ಈ ಮರ. ಅವನಿಗೆ ನಾಚಿಕೆಯೂ ಆಯಿತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಕೈ ತೆಗೆದ.

“ನನ್ ಕೈಲಾಗಲ್ಲಮ್ಮ.”

“ಅಂಗಾರೆ ನಾಕು ಎಳನೀರು ಕೆಡವ್ಲಾ?” ಎಂದು ಮರುಳಪ್ಪ ಆಗಲೇ ಮರ ಹತ್ತತೊಡಗಿದ್ದ.

ಅಷ್ಟರಲ್ಲಿ ನಂದಕಿಶೋರ್ ಫೋನು ಬಂತು. “ಟ್ರೀ ರಿಮೂವ್ಡ್?”

“ಇಲ್ಲ ಕಣ್ರೀ, ಮರ ಅಲ್ಲೇ ಇರುತ್ತೆ.”

ಇವನ ಬಾಯಲ್ಲಿ ಕನ್ನಡ ಕೇಳಿ ಅವರು ತಬ್ಬಿಬ್ಬಾದರು. “ಮತ್ತೆ ಕಾರು?”

“ಬೀದೀಲಿ ನಿಲ್ಲುತ್ತೆ ಬಿಡಿ. ಅದಕ್ಕೆ ಯಾವ ಭಾಷೇಲಿ ಹೇಳಿದ್ರೂ ನಡೆಯುತ್ತೆ.”